ಖಾಲಿ ತಕ್ಕಡಿ ತೂಗಿಸಿದ ಹುಲಿಗೆವ್ವ

ಶಾಲೆಯ ವಿಜ್ಞಾನದ ಕಪಾಟಿಗೆ ಬೀಗ ಇರುತ್ತದೆ. ಇದು ನಿಮಗೆ ಗೊತ್ತಿಲ್ಲದ ಸಂಗತಿಯೇನಲ್ಲ. ನೀವು ಓದಿದ ಶಾಲೆಯಲ್ಲೂ ಇತ್ತು, ನಿಮ್ಮ ಮಕ್ಕಳು ಓದುವ ಶಾಲೆಯಲ್ಲೂ ಇದೆ. ಗಾಜಿನ ಬಾಗಿಲಿನ ಹಿಂದೆ ಒಂದು ತಕ್ಕಡಿ, ಒಂದು ಭೂತಗನ್ನಡಿ, ಎರಡು ಅಯಸ್ಕಾಂತ, ಹುಲ್ಲಿನಲ್ಲಿ ಸುತ್ತಿಟ್ಟ ನಾಲ್ಕು ಗಾಜಿನ ನಳಿಗೆ. ಮಕ್ಕಳು ಗಾಜಿಗೆ ಮೂಗು ಒತ್ತಿ ನೋಡುತ್ತಾರೆ. ಮಾಸ್ತರರು ಹಲಗೆಯ ಮೇಲೆ ತಕ್ಕಡಿಯ ಚಿತ್ರ ಬರೆಯುತ್ತಾರೆ. ಅಸಲಿ ತಕ್ಕಡಿ ಅಲ್ಲೇ ನಾಲ್ಕು ಮಾರು ದೂರದಲ್ಲಿ ಧೂಳು ಹೊದ್ದುಕೊಂಡು ನಿಂತಿರುತ್ತದೆ. ಚಿತ್ರ ನೋಡಿ ಚಿತ್ರ ಬರೆದ ಮಕ್ಕಳು ಚಿತ್ರಕ್ಕೆ ಅಂಕ ಪಡೆದು ಪಾಸಾಗುತ್ತಾರೆ. ಇದಕ್ಕೆ ನಾವು ವಿಜ್ಞಾನ ಕಲಿಸುವುದು ಎಂದು ಹೆಸರಿಟ್ಟಿದ್ದೇವೆ. ನಾಚಿಕೆಯನ್ನೂ ಬಿಟ್ಟಿದ್ದೇವೆ.

ಪುಣೆಯ ಒಂದು ಕನ್ನಡ ಶಾಲೆಯಲ್ಲಿ ಆ ಬೀಗವನ್ನು ಹತ್ತು ವರ್ಷ ತೆಗೆಸಿಟ್ಟ ಹೆಂಗಸೊಬ್ಬಳಿದ್ದಾಳೆ. ಆಕೆ ಶಿಕ್ಷಕಿಯಲ್ಲ. ಎರಡನೆಯ ಇಯತ್ತೆ, ಎಂದರೆ ಎರಡನೆಯ ತರಗತಿ, ಮುಗಿಯುವ ಮೊದಲೇ ಶಾಲೆ ಬಿಟ್ಟವಳು. ಇವತ್ತಿಗೂ ಪಗಾರದ ಕಾಗದಕ್ಕೆ ಹೆಬ್ಬೆಟ್ಟು ಒತ್ತುತ್ತಾಳೆ. ಹೆಸರು ಹುಲಿಗೆವ್ವ.

ರಾಯಚೂರು ಕಡೆಯ ಹಳ್ಳಿಯವಳು. ಗಂಡ ಅವ್ವಣ್ಣನ ಜೊತೆ ಊರು ಬಿಟ್ಟು ಬಂದು, ಮೊದಲು ಎರಡು ಹಂಗಾಮು ಬಾರಾಮತಿ ಬದಿಯಲ್ಲಿ ಕಬ್ಬು ಕಡಿದಳು. ಕಡಿದ ಕಬ್ಬಿನ ಗಾಡಿ ಸಕ್ಕರೆ ಕಾರ್ಖಾನೆಯ ತೂಕದ ಕಾಟಾದ ಮೇಲೆ ನಿಲ್ಲುತ್ತಿತ್ತು, ಒಳಗಿನ ಕಾರಕೂನ ಒಂದು ಅಂಕಿ ಕೂಗುತ್ತಿದ್ದ, ಹೊರಗಿದ್ದವರು ಹೂಂ ಅನ್ನಬೇಕಿತ್ತು. "ಕಬ್ಬ ಹೊತ್ತವ್ರು ನಾವು, ಭಾರ ಹೇಳಾಂವ ಅವ" ಎಂದು ಹುಲಿಗೆವ್ವ ಈಗಲೂ ನಗುತ್ತಾಳೆ. ಆ ನಗುವಿನಲ್ಲಿ ನಗುವೇನೂ ಇಲ್ಲ.

ಅಲ್ಲಿಂದ ಪುಣೆ. ಅವ್ವಣ್ಣ ಗೋಡೆ ಕಟ್ಟುವ ಗೌಂಡಿ ಕೆಲಸಕ್ಕೆ ನಿಂತ. ಹುಲಿಗೆವ್ವ ಭೋಸರಿಯ ಒಂದು ಸಣ್ಣ ಕಾರ್ಖಾನೆ ಸೇರಿದಳು. ಕಾಸರವಾಡಿಯಲ್ಲಿ ರೈಲು ಹಳಿಯ ಮಗ್ಗುಲಿಗೆ ತಗಡು ಹೊದಿಸಿದ ಪತ್ರಾಸಿನ ಮನೆ. ಕಾರ್ಖಾನೆಯಲ್ಲಿ ಕಬ್ಬಿಣದ ವಾಶರ್ ತಯಾರಾಗುತ್ತಿದ್ದವು. ನಟ್ಟು ಬೋಲ್ಟಿನ ನಡುವೆ ಹಾಕುತ್ತಾರಲ್ಲ, ನಡುವೆ ತೂತಿರುವ ಚಪ್ಪಟೆ ಬಿಲ್ಲೆ, ಅವು. ದಿನಕ್ಕೆ ಲಕ್ಷಗಟ್ಟಲೆ ಬೀಳುವುದನ್ನು ಒಂದೊಂದಾಗಿ ಎಣಿಸುವವರು ಯಾರು? ತೂಗಿ ಎಣಿಸುತ್ತಿದ್ದರು. ಹತ್ತು ವಾಶರಿನ ತೂಕ ಗೊತ್ತಿದ್ದರೆ ಸಾವಿರ ವಾಶರಿನ ತೂಕ ಗೊತ್ತು. ತಕ್ಕಡಿಯ ಮುಂದೆ ಕೂತು ಸಾವಿರದ ಚೀಲ ಕಟ್ಟುವುದು ಹುಲಿಗೆವ್ವನ ಕೆಲಸ.

ಸಾವಿರದೊಂಬೈನೂರ ಎಪ್ಪತ್ಮೂರರಲ್ಲಿ ಒಂದು ದಿನ ಮೇಲ್ವಿಚಾರಕ ಬಂದು, ಕಟ್ಟಿದ ಚೀಲ ಬಿಚ್ಚಿಸಿ ಮತ್ತೆ ತೂಗಿದ. ಕಡಿಮೆ ಬಂತು. "ಉಳಿದದ್ದು ಎಲ್ಲಿ?" ಎಂದು ಎಲ್ಲರೆದುರು ಆಕೆಯ ಸೆರಗಿನ ಗಂಟು ಬಿಚ್ಚಿಸಿದ. ಗಂಟಿನಲ್ಲಿ ಎಲೆ ಅಡಿಕೆ ಇತ್ತು. ಬೇರೆ ಯಾರಾದರೂ ಆಗಿದ್ದರೆ ಅತ್ತು ಕಾಲಿಗೆ ಬೀಳುತ್ತಿದ್ದರು. ಹುಲಿಗೆವ್ವನಿಗೆ ಆಗ ನೆನಪಾದದ್ದು ಊರಿನ ಸಂತೆ. ಅವಳ ತಾಯಿ ಯಾವ ವ್ಯಾಪಾರಿಯ ಮುಂದೆ ಕೂತರೂ, ಕಾಳು ಸುರಿಯುವ ಮೊದಲು, "ಖಾಲಿ ಎತ್ತಪಾ ಒಮ್ಮೆ" ಎನ್ನುತ್ತಿದ್ದಳು. ಎರಡೂ ತಟ್ಟೆ ಬರಿದಾಗಿದ್ದಾಗ ತಕ್ಕಡಿ ಸಮ ನಿಂತರೆ ಮಾತ್ರ ವ್ಯಾಪಾರ.

"ಸಾಹೇಬ್ರ, ಖಾಲಿ ಎತ್ರಿ" ಎಂದಳು ಹುಲಿಗೆವ್ವ.

ಎತ್ತಿದರು. ಒಂದು ಕಡೆ ವಾಲಿತು. ಕಲ್ಲು ಇಡುವ ತಟ್ಟೆಯ ಕೆಳಗೆ ಗ್ರೀಸಿನಲ್ಲಿ ಮೂರು ವಾಶರ್ ಅಂಟಿಕೊಂಡು ಕೂತಿದ್ದವು. ಮೇಲ್ವಿಚಾರಕ ಕ್ಷಮೆ ಕೇಳಲಿಲ್ಲ. ಅಂಥವರು ಎಲ್ಲಿ ಕೇಳುತ್ತಾರೆ? ಆದರೆ ಮರುದಿನದಿಂದ ಬೆಳಗಿನ ಮೊದಲ ಕೆಲಸ ಖಾಲಿ ತಕ್ಕಡಿ ನೋಡುವುದು ಎಂದು ನಿಯಮವಾಯಿತು. ತನ್ನ ಮಾನ ಉಳಿಸಿದ ಆ ಒಂದು ಮಾತನ್ನು ಹುಲಿಗೆವ್ವ ಅಂದಿನಿಂದ ಬಿಟ್ಟಿಲ್ಲ.

ಈಗ ಶಾಲೆಗೆ ಬರೋಣ. ಭೋಸರಿಯಲ್ಲಿ ವಾರದ ರಜೆ ಗುರುವಾರ. ಭಾನುವಾರ ಯಂತ್ರ ಓಡುತ್ತವೆ, ಗುರುವಾರ ನಿಲ್ಲುತ್ತವೆ. ಹೀಗಾಗಿ ಹುಲಿಗೆವ್ವನ ರಜೆಯ ದಿನ ಶಾಲೆ ನಡೆದಿರುತ್ತಿತ್ತು. ಎರಡನೆಯ ಇಯತ್ತೆಯಲ್ಲಿದ್ದ ಮಗಳು ಸಾಬವ್ವನಿಗೆ ಬಿಸಿ ರೊಟ್ಟಿ ಒಯ್ದು ಕೊಡುವ ಸುಖ ಆಕೆಗೆ ವಾರಕ್ಕೊಮ್ಮೆ ಸಿಗುತ್ತಿತ್ತು. ಎಪ್ಪತ್ತೈದರ ಜುಲೈ ತಿಂಗಳ ಒಂದು ಗುರುವಾರ ಹಾಗೇ ಹೋಗಿದ್ದಳು. ಮಳೆ ಹೊಡೆಯುತ್ತಿತ್ತು. ಇಬ್ಬರು ಶಿಕ್ಷಕರು ಬಂದಿರಲಿಲ್ಲ. ಎರಡು, ಐದು, ಎಂಟನೆಯ ಇಯತ್ತೆಯ ಮಕ್ಕಳನ್ನೆಲ್ಲ ಒಂದೇ ಪಡಸಾಲೆಗೆ ತುಂಬಿದ್ದರು. ಗದ್ದಲಕ್ಕೆ ಹಂಚು ಹಾರುವಂತಿತ್ತು.

ಮುಖ್ಯಾಧ್ಯಾಪಕರು ಲೋಕನಾಥ ಸರ್. ವಿಜಾಪುರದ ಕಡೆಯವರು, ಕೆಟ್ಟವರಲ್ಲ, ಹೆದರುವವರು. ಮೇಲಿನವರಿಗೆ ಹೆದರುತ್ತಿದ್ದರು, ಕಮಿಟಿಗೆ ಹೆದರುತ್ತಿದ್ದರು, ಕಪಾಟಿನಲ್ಲಿ ಏನಾದರೂ ಒಡೆದೀತೆಂದು ಎಲ್ಲಕ್ಕಿಂತ ಹೆಚ್ಚು ಹೆದರುತ್ತಿದ್ದರು. ಬಾಗಿಲಲ್ಲಿ ನಿಂತ ಹುಲಿಗೆವ್ವನನ್ನು ಕಂಡು, "ಏ, ನೀ ಒಂದ್ ತಾಸು ಇವನ್ನ ಹಿಡಕೊಂಡು ಕೂಡು" ಎಂದರು.

"ಏನ್ ಮಾಡಿಸ್ಲಿರಿ ಸರ?"

"ಏನೂ ಮಾಡಿಸ್ಬ್ಯಾಡ. ಅದಕ್ಕ ನಿನ್ನ ಕೂಡ್ಸಾಕತ್ತೇನಿ."

ಸಾಬವ್ವನಿಗೆ ಆಡಲೆಂದು ಹುಲಿಗೆವ್ವ ಸೆರಗಿನಲ್ಲಿ ಒಂದು ಹಿಡಿ ವಾಶರ್ ಕಟ್ಟಿಕೊಂಡು ಬಂದಿದ್ದಳು. ತೂತು ಸೊಟ್ಟಗಾದವು, ಅಂಚು ಒರಟಾದವು, ಕಾರ್ಖಾನೆ ಬೇಡವೆಂದು ಡಬ್ಬಿಗೆ ಎಸೆದವು. ಗೇಟಿನಲ್ಲಿ ಚೀಟಿ ಬರೆಸಿಕೊಂಡೇ ತಂದಿದ್ದಳು. ಸೆರಗು ಬಿಚ್ಚಿಸಿಕೊಂಡ ಹೆಂಗಸು ಚೀಟಿಯಿಲ್ಲದೆ ಒಂದು ಮೊಳೆಯನ್ನೂ ತರುವುದಿಲ್ಲ. ಅವುಗಳಲ್ಲಿ ಎರಡನ್ನು ಎತ್ತಿ ಹಿಡಿದು, "ಯಾವುದು ಭಾರ ಹೇಳ್ರಿ, ನೋಡೂಣು" ಎಂದಳು. ಅರವತ್ತು ಬಾಯಿ ಒಮ್ಮೆಲೇ ತೆರೆದವು. ಇದು, ಅದು, ಎರಡೂ ಒಂದೇ.

"ಒದರಬ್ಯಾಡ್ರಿ. ಮೊದ್ಲ ಹೇಳಿ ಇಡ್ರಿ, ಆಮ್ಯಾಲ ತೂಗೂದು. ಹೇಳಿದ್ದು ತಪ್ಪಾದ್ರ ಯಾರೂ ಹೊಡಿಯೂದಿಲ್ಲ."

ಆ ಶಾಲೆಯಲ್ಲಿ ಅಂಥ ಮಾತು ಅದೇ ಮೊದಲು ಕೇಳಿಬಂದದ್ದು.

ತೂಗುವುದು ಯಾವುದರಲ್ಲಿ? ಒಂದು ಫೂಟುಪಟ್ಟಿ ಸಿಕ್ಕಿತು. ನಡುವಿಗೆ ದಾರ ಕಟ್ಟಿದರು. ಎರಡು ತುದಿಗೆ ಬೂಟ್‌ಪಾಲಿಶ್ ಡಬ್ಬಿಯ ಎರಡು ಮುಚ್ಚಳ. ಖಾಲಿ ಎತ್ತಿ ನೋಡಿದರೆ ವಾಲಿತು. ಒಂದು ಮುಚ್ಚಳದಲ್ಲಿ ಪಾಲಿಶು ಒಣಗಿ ಹತ್ತಿಕೊಂಡಿತ್ತು. ಎರಡನೆಯ ಇಯತ್ತೆಯ ಹುಡುಗರು ಉಗುರಿನಲ್ಲಿ ಕೆರೆದರು, ಸಾಲದಾದಾಗ ಆಚೆ ಮುಚ್ಚಳಕ್ಕೆ ಒಂದಿಷ್ಟು ಹಸಿ ಮಣ್ಣು ಮೆತ್ತಿದರು. ಪಟ್ಟಿ ಸಮ ನಿಂತಾಗ ಮಕ್ಕಳು ಉಸಿರು ಹಿಡಿದಿದ್ದರಂತೆ. ಪಡಸಾಲೆ ಯಾಕೆ ಇಷ್ಟು ತಣ್ಣಗಾಯಿತು ಎಂದು ಗಾಬರಿಯಾಗಿ ಲೋಕನಾಥ ಸರ್ ಓಡಿಬಂದು ಇಣುಕಿದರು.

ಮುಂದಿನ ಗುರುವಾರ ಅವರೇ ಕರೆದರು. ಅದರ ಮುಂದಿನ ಗುರುವಾರ ಕರೆಯುವುದೇ ಬೇಕಾಗಲಿಲ್ಲ. ಶಾಲೆಯ ಆಯಾಗಳನ್ನು ಪುಣೆಯಲ್ಲಿ ಮಾವಶಿ ಎನ್ನುತ್ತಾರೆ. ಮಕ್ಕಳು ಹುಲಿಗೆವ್ವನನ್ನೂ ಮಾವಶಿ ಎಂದೇ ಕರೆದರು.

ಮೂರು ಬೇರೆ ಬೇರೆ ವಯಸ್ಸಿನ ಮಕ್ಕಳನ್ನು ಒಂದೇ ಕೋಣೆಯಲ್ಲಿ ಕೂಡಿಸಿ ಒಂದೇ ತಕ್ಕಡಿಯಿಂದ ಪಾಠ ಮಾಡುವುದು ಹೇಗೆ? ತರಬೇತಿ ಪಡೆದವರನ್ನು ಕೇಳಿ ನೋಡಿ, ಆಗದು ಎನ್ನುತ್ತಾರೆ. ಹುಲಿಗೆವ್ವನಿಗೆ ಆಗದೆಂದು ಯಾರೂ ಹೇಳಿರಲಿಲ್ಲ, ಆದ್ದರಿಂದ ಮಾಡಿದಳು. ಸಣ್ಣವರು ಯಾವುದು ಭಾರ ಎಂದಷ್ಟೇ ಕೇಳಬೇಕು. ಐದನೆಯವರು ಎಷ್ಟು ವಾಶರಿನಷ್ಟು ಭಾರ ಎಂದು ಎಣಿಸಬೇಕು. ಎಂಟನೆಯವರು ಯಾಕೆ ಎನ್ನುವುದನ್ನು ಹುಡುಕಬೇಕು, ಆದರೆ ಬಾಯಲ್ಲಿ ಹೇಳುವಂತಿಲ್ಲ. ಸಣ್ಣವರ ಕಣ್ಣೆದುರು ಮಾಡಿ ತೋರಿಸಬೇಕು.

ಎಂಟನೆಯ ಇಯತ್ತೆಯಲ್ಲಿ ಫಕೀರಪ್ಪ ಎಂಬ ಜಾಣ ಹುಡುಗನಿದ್ದ. ಮೊದಲ ನಂಬರಿನವನು. ಸನ್ನೆಗೋಲಿನ ಪಾಠವನ್ನು ಒಂದೇ ಉಸಿರಿನಲ್ಲಿ ಒಪ್ಪಿಸಿದ. ಆಧಾರಬಿಂದು, ಭಾರ, ಬಲ, ಒಂದಕ್ಷರ ತಪ್ಪಲಿಲ್ಲ.

"ಭಾಳ ಚಂದ ಹೇಳಿದಿ" ಎಂದಳು ಹುಲಿಗೆವ್ವ. "ಈಗ ಈ ಒಂದ್ ವಾಶರ್ ಇಟ್ಟು ಆ ಎರಡ್ ವಾಶರ್ ಎತ್ತು, ನೋಡೂಣು."

"ಆಗೂದಿಲ್ರಿ ಮಾವಶಿ. ಎರಡು ಭಾರ ಇರ್ತಾವ."

ಸಾಬವ್ವ ಫಕೀರಪ್ಪನ ಮೊಣಕೈಯ ಕೆಳಗಿಂದ ನುಸುಳಿ ಬಂದು, ಎರಡು ವಾಶರ್ ಇದ್ದ ಮುಚ್ಚಳದ ದಾರವನ್ನು ಪಟ್ಟಿಯ ನಡುವಿನ ಕಡೆ ಸರಿಸಿದಳು. ಎರಡು ಮೇಲೆ ಹೋದವು, ಒಂದು ಕೆಳಗಿಳಿಯಿತು. ಹಿತ್ತಲ ಕಲ್ಲಿನ ಮೇಲೆ ಅಡ್ಡ ಇಟ್ಟ ಹಲಗೆಯಲ್ಲಿ, ದಪ್ಪ ಗೆಳತಿಯನ್ನು ನಡುವಿಗೆ ಸರಿಸಿ, ಏರಿಳಿಯುವ ಆಟ ಆಡಿ ಅವಳಿಗೆ ಗೊತ್ತಿತ್ತು.

"ಈಗ ಹೇಳಪಾ ಪಂಡಿತ, ನೀ ಒಪ್ಪಿಸಿದ್ದು ಏನು?" ಎಂದಳು ಹುಲಿಗೆವ್ವ. ಹುಡುಗನ ಕಿವಿ ಕೆಂಪಾದವು. ಆಮೇಲೆ ಪಟ್ಟಿಯ ಮೇಲೆ ಬೆರಳಿಟ್ಟು ಇಂಚು ಎಣಿಸಲು ಕೂತವನು ಗಂಟೆ ಬಾರಿಸಿದರೂ ಏಳಲಿಲ್ಲ. ತಾನು ಬಾಯಿಪಾಠ ಮಾಡಿದ ಪಾಠದೊಳಗೆ ಏನೋ ಇದೆ ಎಂದು ಅವನಿಗೆ ಗೊತ್ತಾದದ್ದು ಆ ದಿನ.

ಆಕೆಗೆ ಗೊತ್ತಿಲ್ಲದ್ದು ಬೇಕಾದಷ್ಟಿತ್ತು. ಉಪ್ಪು ನೀರಿನಲ್ಲಿ ಕರಗಿದ ಮೇಲೆ ಎಲ್ಲಿ ಹೋಗುತ್ತದೆ ಎಂದು ಐದನೆಯವರು ಕೇಳಿದಾಗ, "ನನಗೂ ಗೊತ್ತಿಲ್ಲವ್ವ, ತೂಗೂಣು ಬಾ" ಎಂದಳು. ನೀರು, ಬಟ್ಟಲು, ಉಪ್ಪಿನ ಪುಡಿಕೆ ಸೇರಿಸಿ ತೂಗಿದರು. ಕರಗಿಸಿ ಮತ್ತೆ ತೂಗಿದರು. ಅಷ್ಟೇ ಬಂತು. ಉಪ್ಪು ಎಲ್ಲಿಯೂ ಹೋಗಿಲ್ಲ, ಕಣ್ಣಿಗೆ ಕಾಣುವುದನ್ನು ಬಿಟ್ಟಿದೆ ಅಷ್ಟೇ. ಕಡಲೆಕಾಳು ನೆನೆಹಾಕಿ ಮರುವಾರ ತೂಗಲು ಹೋದರು. ಅವು ಹುಳಿತು ನಾತ ಹೊಡೆದದ್ದಕ್ಕೆ ಎಲ್ಲರೂ ಕೋಣೆ ಬಿಟ್ಟು ಓಡಿದರು. ಅದೂ ಪಾಠವೇ. ಇಪ್ಪತ್ತು ವರ್ಷ ಕಲಿಸಿದ ಎಷ್ಟು ಮಾಸ್ತರರ ಬಾಯಿಂದ ನೀವು "ನನಗೆ ಗೊತ್ತಿಲ್ಲ" ಎಂಬ ಮಾತು ಕೇಳಿದ್ದೀರಿ? ಒಬ್ಬರ ಹೆಸರು ಹೇಳಿ.

ವಾಶರಿನ ತೂಕ ಗ್ರಾಮಿನಲ್ಲಿ ಎಷ್ಟು ಎಂದು ತಿಳಿಯಲು ಐವತ್ತು ಗ್ರಾಮಿನ ಕಲ್ಲು ಬೇಕಾಯಿತು. ಶಾಲೆಯ ಎದುರಿಗೇ ಶಿವಪುತ್ರಪ್ಪನವರ ಕಿರಾಣಿ ಅಂಗಡಿ. ಅವರು ನಮ್ಮವರೇ, ಬಾಗಲಕೋಟೆ ಕಡೆಯವರು, ಶಾಲೆಯ ಕಮಿಟಿಯ ಸದಸ್ಯರು. ಸರಕಾರಿ ಮುದ್ರೆಯಿದ್ದ ಕಲ್ಲನ್ನು ನಗುನಗುತ್ತ ಕೊಟ್ಟರು. ಒಂದೇ ತೂಕದ ಹತ್ತು ವಾಶರ್ ಆರಿಸಿ ಇಟ್ಟಾಗ ಪಟ್ಟಿ ಸಮವಾಯಿತು. ಒಂದಕ್ಕೆ ಐದು ಗ್ರಾಮು. ಅಂಥವನ್ನೇ ಹುಡುಕಿ ಹುಡುಕಿ ಒಂದು ಡಬ್ಬಿ ತುಂಬಿಸಿದರು.

ಆ ಕಲ್ಲು ಕೊಟ್ಟದ್ದಕ್ಕೆ ಶಿವಪುತ್ರಪ್ಪನವರು ಪಶ್ಚಾತ್ತಾಪ ಪಡುವ ದಿನ ದೀಪಾವಳಿ ಕಳೆದ ಮೇಲೆ ಬಂತು. ಐದನೆಯ ಇಯತ್ತೆಯ ಹುಡುಗಿಯೊಬ್ಬಳು ಅರ್ಧ ಕಿಲೋ ಬೆಲ್ಲ ಒಯ್ಯಲು ಹೋದವಳು, ಗಿರಾಕಿಗಳ ನಡುವೆ ನಿಂತು, "ಕಾಕಾ, ಖಾಲಿ ಎತ್ರಿ ಮೊದ್ಲ" ಎಂದಳು. ಬೆಲ್ಲ ಹಾಕುವ ತಟ್ಟೆಯ ಅಡಿಗೆ ಬೆಲ್ಲದ್ದೇ ಗಟ್ಟಿ ಹಳಕು ಹತ್ತಿತ್ತು. ಅವರು ಬೇಕೆಂದು ಮಾಡಿರಲಿಕ್ಕಿಲ್ಲ. ಆದರೆ ಆ ಹಳಕು ಎಷ್ಟು ವರ್ಷದಿಂದ ಎಷ್ಟು ಜನರ ಬೆಲ್ಲ ತಿಂದಿತ್ತೋ! ಗಿರಾಕಿಗಳು ನಕ್ಕರು. ಶಿವಪುತ್ರಪ್ಪನವರು ಅಂಗಡಿ ಬಿಟ್ಟು ಸೀದಾ ಲೋಕನಾಥ ಸರ್ ಕೋಣೆಗೆ ಬಂದರು.

"ಏನ್ ಹಚ್ಚೀರಿ ಸರ ಇದು? ಸಾಲಿನೋ, ಪೊಲೀಸ್ ಚೌಕಿನೋ? ಕೂಲಿ ಹೆಣಮಗಳನ್ನ ಕರಕೊಂಡು ಬಂದು ಹುಡುಗ್ರಿಗೆ ಅಂಗಡಿ ತಪಾಸಣಿ ಕಲಸ್ತೀರೇನು? ಈ ಗುರುವಾರದ ಆಟ ಬಂದ್ ಮಾಡ್ರಿ."

ಲೋಕನಾಥ ಸರ್ ಹುಲಿಗೆವ್ವನನ್ನು ಕರೆದು ಸುದ್ದಿ ಹೇಳಿದರು. ಮನಸ್ಸಿಲ್ಲದೆ ಹೇಳಿದರು, ಅದೂ ನಿಜ. ಕಡೆಗೆ ಒಂದು ದಾರಿ ಹುಡುಕಿದರು. ಜನವರಿಯಲ್ಲಿ ಶಾಲಾ ತಪಾಸಣೆಯ ಸಾಹೇಬರು ಬರುವವರಿದ್ದರು, ಅದೂ ಗುರುವಾರ. "ಸಾಹೇಬ್ರು ನೋಡ್ಲಿ. ಅವ್ರು ಚಲೋ ಅಂದ್ರ ನಡೀಲಿ. ಅವ್ರ ಮುಂದ ನಗಿಗೇಡಾದ್ರ ಮಾತ್ರ ಮರುದಿನದಿಂದ ಈ ಪಡಸಾಲ್ಯಾಗ ನೀ ಕಾಲ್ ಇಡಬಾರದು."

ಹುಲಿಗೆವ್ವ ಕಪಾಟಿನ ಕಡೆ ನೋಡಿದಳು. "ಚಲೋ ಅಂದ್ರ ಆ ಕಪಾಟಿನ ಕೀಲಿಕೈ ಕೊಡ್ತೀರೇನ್ರಿ ಸರ? ಬರೇ ಗುರುವಾರದ ಮಟ್ಟಿಗೆ?"

ಲೋಕನಾಥ ಸರ್ ಕೀಲಿಕೈ ಇದ್ದ ಜೇಬಿನ ಮೇಲೆ ಕೈ ಇಟ್ಟುಕೊಂಡೇ ಹೂಂ ಎಂದರು.

ಆ ಕಪಾಟು ವರ್ಷಕ್ಕೆ ಒಂದೇ ಒಂದು ದಿನ ತೆರೆಯುತ್ತಿತ್ತು: ಆಯುಧಪೂಜೆ ನಡೆಯುವ ಖಂಡೇನವಮಿಯ ದಿನ. ಲೋಕನಾಥ ಸರ್ ಸ್ನಾನ ಮಾಡಿ ಬಂದು ಒಳಗಿನ ಸಾಮಾನಿಗೆ ಪೂಜೆ ಮಾಡುತ್ತಿದ್ದರು. ಬಲಗಡೆಯ ಬಾಗಿಲಿನ ಚಿಲಕ ತುಕ್ಕು ಹಿಡಿದು ಕೂತಿತ್ತು, ಎಡಗಡೆಯ ಬಾಗಿಲಷ್ಟೇ ತೆರೆಯುತ್ತಿತ್ತು. ಕೈ ಹೋದಷ್ಟಕ್ಕೆ ಎಣ್ಣೆ ಅರಿಶಿಣ ಕುಂಕುಮ, ಮೇಲೆ ಅಕ್ಷತೆ. ಆಮೇಲೆ ಮತ್ತೆ ಬೀಗ. ಆ ವರ್ಷ ಸಾಬವ್ವ ಮನೆಗೆ ಬಂದು, "ಯವ್ವಾ, ತಕ್ಕಡಿ ಮುಟ್ಟಾಕ ಹೋದ್ರ ಸರ್ ಕೈ ಮ್ಯಾಲ ಹೊಡದ್ರು, ದೇವ್ರು ಅದು ಅಂದ್ರು" ಎಂದು ಹೇಳಿದ್ದಳು. ಕಾರ್ಖಾನೆಯಲ್ಲೂ ಖಂಡೇನವಮಿಗೆ ತಕ್ಕಡಿಯ ಪೂಜೆ ಆಗುತ್ತದೆ. ಆದರೆ ಅಲ್ಲಿ ಕುಂಕುಮ ನಿಲುಗಂಬಕ್ಕೆ. ತಟ್ಟೆಯ ಮೇಲೆ ಏನಾದರೂ ಬಿದ್ದರೆ ದಸರೆ ಮುಗಿದ ಬೆಳಿಗ್ಗೆ ಒರೆಸಿಯೇ ಕೆಲಸಕ್ಕೆ ಕೂಡುತ್ತಾರೆ. ದುಡಿಯುವ ತಕ್ಕಡಿಗೂ ದುಡಿಯದ ತಕ್ಕಡಿಗೂ ಇಷ್ಟೇ ವ್ಯತ್ಯಾಸ.

ಸಾಹೇಬರು ಬಂದರು. ಮರಾಠಿ ಮಾತನಾಡುವವರು, ಕನ್ನಡ ಒಂದಿಷ್ಟು ತಿಳಿಯುತ್ತಿತ್ತು. ಮಗ್ಗುಲಿಗೆ ಶಿವಪುತ್ರಪ್ಪನವರು ಜರಿಯಂಚಿನ ರುಮಾಲು ಸುತ್ತಿ ಕೂತಿದ್ದರು. ಮೇಜಿನ ಮೇಲೆ ಶಾಲೆಯ ತಕ್ಕಡಿ ಬಂದು ನಿಂತಿತ್ತು. ಲೋಕನಾಥ ಸರ್ ಬೆಳಿಗ್ಗೆ ತಾವೇ ಕಪಾಟಿನಿಂದ ಅದನ್ನು ಕೂಸಿನಂತೆ ಎತ್ತಿ ತಂದಿದ್ದರು. ಹುಲಿಗೆವ್ವನಿಗೆ, "ನೀ ಬಾಗಲದಾಗ ನಿಂದ್ರು. ಬಾಯಿ ಬಿಡಬ್ಯಾಡ" ಎಂದು ತಾಕೀತು ಮಾಡಿದ್ದರು.

ಸಾಹೇಬರು ತಮ್ಮ ಕನ್ನಡಕದ ಪೆಟ್ಟಿಗೆ ಕೊಟ್ಟು ಇದರ ತೂಕ ಹೇಳಿ ಎಂದರು. ಮಕ್ಕಳು ಮೊದಲು ಅಂದಾಜು ಹೇಳಿದರು. ಆಮೇಲೆ ಫೂಟುಪಟ್ಟಿಯ ತಕ್ಕಡಿ ಎತ್ತಿದರು. ಹದಿನಾಲ್ಕು ವಾಶರಿಗೆ ಪಟ್ಟಿ ಸಮ ನಿಂತಿತು. ಫಕೀರಪ್ಪ ಎಪ್ಪತ್ತು ಗ್ರಾಮು ಎಂದು ವಹಿಯಲ್ಲಿ ಬರೆದ.

"ಒಂದು ವಾಶರಿಗೆ ಐದು ಗ್ರಾಮು ಎಂದು ಯಾರು ಹೇಳಿದ್ದು?" ಸಾಹೇಬರು ಮರಾಠಿಯಲ್ಲಿ ಕೇಳಿದರು.

"ಇವರ ಅಂಗಡಿ ಕಲ್ಲು ಹೇಳೇದ್ರಿ" ಎಂದು ಹುಡುಗ ಶಿವಪುತ್ರಪ್ಪನವರ ಕಡೆ ಬೆರಳು ಮಾಡಿದ. ಕೋಣೆ ನಕ್ಕಿತು. ಶಿವಪುತ್ರಪ್ಪನವರು ನಗಲಿಲ್ಲ.

ಸಾಹೇಬರು ಶಾಲೆಯ ತಕ್ಕಡಿಯ ಕಡೆ ನೋಡಿ, ಇದರಲ್ಲೂ ತೂಗಿರಿ ಎಂದರು. ಮಕ್ಕಳ ಕೈಗೆ ಕೊಡಲು ಧೈರ್ಯ ಸಾಲದೆ ಲೋಕನಾಥ ಸರ್ ತಾವೇ ಮುಂದೆ ಬಂದರು. ಎಡತಟ್ಟೆಯಲ್ಲಿ ಪೆಟ್ಟಿಗೆ ಇಟ್ಟರು, ಬಲತಟ್ಟೆಯಲ್ಲಿ ಒಂದೊಂದೇ ಕಲ್ಲು. ಐವತ್ತು, ಇಪ್ಪತ್ತು. ಸಾಲಲಿಲ್ಲ. ಎರಡು, ಆಮೇಲೆ ಒಂದು. ಮುಳ್ಳು ನಡುವಿಗೆ ಬಂತು. ಎಪ್ಪತ್ಮೂರು.

"ನೋಡ್ರಿ ಸಾಹೇಬ್ರ!" ಶಿವಪುತ್ರಪ್ಪನವರ ಮುಖ ಅರಳಿತು. "ಇವ್ರು ನನ್ನ ತಕ್ಕಡಿ ತಪಾಸಣಿ ಮಾಡಾವ್ರು!"

ಲೋಕನಾಥ ಸರ್ ಹಣೆಯ ಬೆವರು ಒರೆಸಿಕೊಂಡು ಬಾಗಿಲ ಕಡೆ ನೋಡಿದರು. ಹುಲಿಗೆವ್ವನಿಗೆ ಅರ್ಥವಾಯಿತು. ಗುರುವಾರ ಮುಗಿಯಿತು, ಕೀಲಿಕೈಯ ಮಾತೂ ಮುಗಿಯಿತು. ಆದರೆ ಆಕೆಯ ಕಣ್ಣು ನಿಂತದ್ದು ಬೇರೆ ಕಡೆ. ಫಕೀರಪ್ಪ ತಲೆ ತಗ್ಗಿಸಿ ತನ್ನ ವಹಿಯ ಎಪ್ಪತ್ತನ್ನು ಅಳಿಸುತ್ತಿದ್ದ. ತನ್ನ ಕೈಯಿಂದ ತೂಗಿದ್ದನ್ನು, ಕಣ್ಣಿಂದ ಕಂಡದ್ದನ್ನು, ದೊಡ್ಡವರ ತಕ್ಕಡಿ ಹೇಳಿತೆಂದು ಅಳಿಸುತ್ತಿದ್ದ. ಬಾರಾಮತಿಯ ಕಾಟಾದ ಹೊರಗೆ ನಿಂತು ಹೂಂ ಅಂದ ಅವ್ವಣ್ಣನ ಮುಖ ಅದೇ ರೀತಿ ತಗ್ಗಿತ್ತು. "ಅಷ್ಟ್ ದಿನದಾಗ ನಾ ಆವಾಗ ಅತ್ತೆ ನೋಡ್ರಿ" ಎಂದು ಆಕೆ ಹೇಳುತ್ತಾಳೆ. ಬಾಯಿ ಬಿಡಬಾರದೆಂದು ತಾಕೀತಿತ್ತು, ಬಿಡಲಿಲ್ಲ.

ಬಾಯಿ ಬಿಟ್ಟದ್ದು ನೆಲದ ಮೇಲೆ ಕೂತಿದ್ದ ಏಳು ವರ್ಷದ ಸಾಬವ್ವ.

"ಸರ, ಖಾಲಿ ನೋಡೇ ಇಲ್ರಿ."

"ಏ, ಸುಮ್ನ ಕೂಡು!" ಲೋಕನಾಥ ಸರ್ ಗದರಿದರು.

ಫಕೀರಪ್ಪನ ರಬ್ಬರು ನಿಂತಿತು. ತಲೆ ಎತ್ತಿದ. ಎದ್ದು ನಿಂತು ಹೇಳಿದ: "ಹೌದ್ರಿ ಸರ. ನಮ್ಮದು ಖಾಲಿ ನೋಡಿ ತೂಗೇವಿ. ಇದನ್ನ ನೋಡಿಲ್ಲ."

"ಕಾಯ್ ಮ್ಹಣತಾಯತ್ ಪೋರಂ?" ಹುಡುಗರು ಏನೆನ್ನುತ್ತಿದ್ದಾರೆ ಎಂದು ಸಾಹೇಬರು ಕೇಳಿದರು. ಲೋಕನಾಥ ಸರ್ ಒಲ್ಲದ ಮನಸ್ಸಿನಿಂದ ತಿಳಿಸಿದರು. ಸಾಹೇಬರು ಕುರ್ಚಿ ಮುಂದೆ ಎಳೆದುಕೊಂಡು, ತೆಗೆಯಿರಿ, ನೋಡಿಯೇ ಬಿಡೋಣ ಎಂದರು.

ಅಂಥ ತಕ್ಕಡಿಯ ದಂಡ ಸುಮ್ಮನಿದ್ದಾಗ ಆಸರೆಯ ಮೇಲೆ ಕೂತಿರುತ್ತದೆ. ಕೆಳಗಿನ ಗುಂಡಿ ತಿರುಗಿಸಿ ಎತ್ತಿದಾಗಲೇ ಅದರ ನಿಜ ಗೊತ್ತಾಗುವುದು. ಪೆಟ್ಟಿಗೆ ತೆಗೆದರು, ಕಲ್ಲು ತೆಗೆದರು, ಗುಂಡಿ ತಿರುಗಿಸಿದರು. ಎರಡೂ ತಟ್ಟೆ ಬರಿದು. ಎಡತಟ್ಟೆ ಸದ್ದಿಲ್ಲದೆ ಕೆಳಗಿಳಿಯಿತು.

ಫಕೀರಪ್ಪ ಬಗ್ಗಿ ನೋಡಿದ. ತಟ್ಟೆಯ ಮೇಲೆ, ಅಂಚಿನ ಸುತ್ತ, ಅಡಿಗೆ, ಎಣ್ಣೆಯಲ್ಲಿ ಕಲಸಿ ಒಣಗಿದ ಕುಂಕುಮ, ಅರಿಶಿಣ, ಅದರೊಳಗೆ ಹೂತುಹೋದ ಅಕ್ಕಿಕಾಳು. ಹನ್ನೊಂದು ಖಂಡೇನವಮಿಗಳ ಭಕ್ತಿ ಪದರು ಪದರಾಗಿ ಕೂತಿತ್ತು. ಎಲ್ಲ ಎಡತಟ್ಟೆಗೇ, ಏಕೆಂದರೆ ಬಲಗಡೆಯ ಬಾಗಿಲು ತೆರೆಯುತ್ತಿರಲಿಲ್ಲ. ಪೂಜೆ ಮಾಡಿದವರು ಒಮ್ಮೆಯೂ ತೂಗಿರಲಿಲ್ಲ, ತೂಗಬೇಕಾದವರಿಗೆ ಮುಟ್ಟಗೊಟ್ಟಿರಲಿಲ್ಲ.

ಹುಡುಗ ಉಗುರು ಚಾಚಿದ. "ತಡಿ!" ಎಂದರು ಲೋಕನಾಥ ಸರ್. "ಅದು ಪೂಜಾದ ಕುಂಕುಮ. ಕೆರೀಬಾರದು." ಅವರು ಹಟಕ್ಕೆ ಹೇಳಲಿಲ್ಲ, ನಿಜವಾಗಿಯೇ ಅಂಜಿದ್ದರು. ಸಾಹೇಬರೂ ಕೈ ಹಿಂದೆ ತೆಗೆದುಕೊಂಡರು. ಶಿವಪುತ್ರಪ್ಪನವರು ರುಮಾಲು ಮುಟ್ಟಿ ನೋಡಿಕೊಂಡರು. ಇಷ್ಟು ಓದಿದ ಮೂವರು ಗಂಡಸರು ಮೂರು ಗ್ರಾಮು ಕುಂಕುಮದ ಮುಂದೆ ಕಲ್ಲಾಗಿ ನಿಂತರು.

ಹುಲಿಗೆವ್ವ ಒಳಗೆ ಬಂದಳು. ಆಗಲೂ ಬಾಯಿ ಬಿಡಲಿಲ್ಲ. ತಟ್ಟೆಗೆ ಕೈಮುಗಿದು, ಬೆರಳಿನಿಂದ ಆ ಕುಂಕುಮವನ್ನು ಮೆಲ್ಲಗೆ ಬಿಡಿಸಿ ಅಂಗೈಗೆ ಹಾಕಿಕೊಂಡಳು. ಮೊದಲು ತನ್ನ ಹಣೆಗೆ ಹಚ್ಚಿಕೊಂಡಳು. ಆಮೇಲೆ ಸಾಬವ್ವನಿಗೆ, ಆಮೇಲೆ ಫಕೀರಪ್ಪನಿಗೆ, ಆಮೇಲೆ ಸಾಲಿನಲ್ಲಿದ್ದ ಎಲ್ಲ ಮಕ್ಕಳಿಗೆ. ಕಡೆಗೆ ಲೋಕನಾಥ ಸರ್ ಎದುರು ನಿಂತು ಮಾತಾಡಿದಳು.

"ದೇವ್ರ ಕುಂಕುಮ ಹಣಿ ಮ್ಯಾಲ ಇರ್ಲಿರಿ ಸರ. ತಕ್ಕಡ್ಯಾಗ ಬ್ಯಾಡ. ನಿಮಗೂ ಹಚ್ಚಲೇನ್ರಿ?"

ಯಾರೋ ಒಂದು ಮಗು ಕಿಸಕ್ಕನೆ ನಕ್ಕಿತು. ಲೋಕನಾಥ ಸರ್ ಆಕೆಯ ಅಂಗೈ ನೋಡಿದರು. ಆಮೇಲೆ ಕನ್ನಡಕ ತೆಗೆದು ತಲೆ ಬಗ್ಗಿಸಿದರು.

ಸಾಬವ್ವ ತನ್ನ ಲಂಗದ ಅಂಚಿನಿಂದ ತಟ್ಟೆ ಒರೆಸಿದಳು. ಖಾಲಿ ಎತ್ತಿದರು. ಮುಳ್ಳು ನಡುವಿನಲ್ಲಿ ನಿಂತಿತು. ಪೆಟ್ಟಿಗೆ ಇಟ್ಟರು, ಈ ಸಲ ಫಕೀರಪ್ಪನ ಕೈಯಿಂದ. ಐವತ್ತು, ಇಪ್ಪತ್ತು. ಸಾಕಾಯಿತು. ಅರ್ಧ ಅಳಿಸಿದ್ದ ಎಪ್ಪತ್ತನ್ನು ಹುಡುಗ ಮತ್ತೆ ಒತ್ತಿ ಬರೆದ, ಕಾಗದ ಹರಿಯುವಂತೆ.

ಸಾಹೇಬರು ಭೇಟಿಯ ಪುಸ್ತಕದಲ್ಲಿ ಮರಾಠಿಯಲ್ಲಿ ಒಂದೇ ಸಾಲು ಬರೆದು ಹೋದರು: ಈ ಶಾಲೆಯ ಮಕ್ಕಳು ತಪಾಸಣೆ ಮಾಡಬಲ್ಲರು. ಶಿವಪುತ್ರಪ್ಪನವರು ಮೆಟ್ಟಿಲಿಳಿಯುತ್ತ ಗೊಣಗಿದರು, "ನಾಳಿಂದ ಖಾಲಿ ಎತ್ತೇ ತೂಗ್ತೀನಿ ತಗೋರವಾ. ಇಲ್ಲಾಂದ್ರ ನನ್ನ ಹಣಿಗೂ ಬೆಲ್ಲಾ ಹಚ್ಚೀರಿ." ಸಂಜೆ ಲೋಕನಾಥ ಸರ್ ಹೊರಗೆ ಬಂದರು. ಕೈಯಲ್ಲಿ ಕೀಲಿಕೈ ಇತ್ತು. "ತಗೋರಿ ಹುಲಿಗೆವ್ವ" ಎಂದರು. ಏ ಎನ್ನುತ್ತಿದ್ದವರು ಆ ದಿನದಿಂದ ರೀ ಹಚ್ಚಿ ಮಾತಾಡಿದರು.

ಹತ್ತು ವರ್ಷ ಆ ಕಪಾಟು ಪ್ರತಿ ಗುರುವಾರ ತೆರೆಯಿತು. ಭೂತಗನ್ನಡಿಯ ಕೆಳಗೆ ಇರುವೆಗಳಿಗೆ ಕಾಲು ಎಣಿಸಿದರು. ಅಯಸ್ಕಾಂತ ದಾರಕ್ಕೆ ಕಟ್ಟಿ ಕಾಸರವಾಡಿಯ ರೈಲು ಯಾವ ದಿಕ್ಕಿಗೆ ಓಡುತ್ತದೆಂದು ನೋಡಿದರು. ನಾಲ್ಕರಲ್ಲಿ ಮೂರು ಗಾಜಿನ ನಳಿಗೆ ಒಡೆದವು. ಚೂರುಗಳನ್ನು ಹುಲಿಗೆವ್ವ ಬಚ್ಚಿಡಲಿಲ್ಲ, ಡಬ್ಬಿಯಲ್ಲಿ ಹಾಕಿ, ಒಡೆದ ಮಗುವಿನಿಂದಲೇ ಹೇಗೆ ಒಡೆಯಿತೆಂದು ಎಲ್ಲರಿಗೂ ಹೇಳಿಸಿದಳು. ಖಂಡೇನವಮಿ ನಿಲ್ಲಲಿಲ್ಲ. ಕುಂಕುಮ ನಿಲುಗಂಬಕ್ಕೆ ಬಂತು. ಮನೆಯಲ್ಲಿ ಅವ್ವಣ್ಣ, "ರಜಾ ದಿನ ಮನಿ ಬಿಟ್ಟು ಮಂದಿ ಮಕ್ಳ ಕೂಡ ಆಟ ಆಡ್ತಿ" ಎಂದು ರೇಗುತ್ತಿದ್ದ; ರೇಗುತ್ತಲೇ ಗೌಂಡಿ ಕೆಲಸದ ತೂಗುಗುಂಡನ್ನು ತಾನೇ ಒಯ್ದು, ಶಾಲೆಯ ಗೋಡೆ ಎಷ್ಟು ಸೊಟ್ಟಗಿದೆ ಎಂದು ಮಕ್ಕಳಿಗೆ ತೋರಿಸಿ ಬಂದ.

ಎಂಬತ್ತಾರರಲ್ಲಿ ಲೋಕನಾಥ ಸರ್ ನಿವೃತ್ತರಾದರು. ಹೊಸಬರು ಬಂದರು. ಪದವಿಗಳಿದ್ದವರು. ಬಂದ ತಿಂಗಳಲ್ಲೇ, ಅರ್ಹತೆಯಿಲ್ಲದ ಹೊರಗಿನವರು ಪ್ರಯೋಗ ಸಾಮಗ್ರಿ ಮುಟ್ಟಬಾರದು ಎಂದು ಕಾಗದ ಕಳಿಸಿದರು. ಹುಲಿಗೆವ್ವನಿಗೆ ಕಾಗದ ಓದಲು ಬರುವುದಿಲ್ಲ. ಸಾಬವ್ವ ಓದಿ ಹೇಳಬೇಕಾಯಿತು. ಆಕೆ ಜಗಳಾಡಲಿಲ್ಲ. ಗುರುವಾರ ಹೋಗಿ ತಟ್ಟೆ ಒರೆಸಿ, ಗುಂಡಿ ತಿರುಗಿಸಿ, ಮುಳ್ಳು ನಡುವಿಗೆ ನಿಂತದ್ದನ್ನು ತೋರಿಸಿ, "ಖಾಲಿ ನೋಡ್ಕೊಂಡು ತಗೋರಿ ಸರ" ಎಂದು ಕೀಲಿಕೈ ಮೇಜಿನ ಮೇಲಿಟ್ಟು ಬಂದಳು. ಹತ್ತು ವರ್ಷಕ್ಕೆ ಒಂದು ತೆಂಗಿನಕಾಯಿ, ಒಂದು ಕುಪ್ಪಸದ ಬಟ್ಟೆ ಕೊಡುವಷ್ಟೂ ಆ ಕಮಿಟಿಗೆ ತೋಚಲಿಲ್ಲ.

ಈಗ ಎಂಬತ್ತೆಂಟನೆಯ ಇಸವಿ. ಫಕೀರಪ್ಪ ವಾಯರ್‌ಮನ್ ಆಗಿದ್ದಾನೆ. ಸಾಬವ್ವ ನರ್ಸಿಂಗ್ ಕಲಿಯುತ್ತಿದ್ದಾಳೆ. ಹುಟ್ಟಿದ ಕೂಸನ್ನು ಇಡುವ ಮೊದಲು ಖಾಲಿ ತಕ್ಕಡಿ ನೋಡುವವಳು ಆ ವಾರ್ಡಿನಲ್ಲಿ ಅವಳೊಬ್ಬಳೇ ಅಂತೆ. ಹುಲಿಗೆವ್ವ ಭೋಸರಿಯಲ್ಲಿ ಇನ್ನೂ ವಾಶರ್ ತೂಗುತ್ತಾಳೆ. ಗುರುವಾರ ಪತ್ರಾಸಿನ ಮನೆಯ ಮುಂದೆ ನಾಲ್ಕಾರು ಮಕ್ಕಳು ಬೂಟ್‌ಪಾಲಿಶ್ ಮುಚ್ಚಳ ಹಿಡಿದು ಬರುತ್ತಾರೆ. ಶಾಲೆಯ ಕಪಾಟಿಗೆ ಬೀಗ ಬಿದ್ದಿದೆ, ಬಲಬಾಗಿಲಿನ ಚಿಲಕ ಮತ್ತೆ ತುಕ್ಕು ಹಿಡಿಯುತ್ತಿದೆ, ವರ್ಷಕ್ಕೊಮ್ಮೆ ಕುಂಕುಮ ಮತ್ತೆ ಎಡತಟ್ಟೆಗೆ ಬೀಳುತ್ತಿದೆ.

ಓದಿ ಚೆನ್ನಾಗಿದೆ ಎಂದು ಪತ್ರಿಕೆ ಮಡಿಚಿಡಬೇಡಿ. ನಿಮ್ಮ ಮಕ್ಕಳ ಶಾಲೆ ನಾಳೆ ತೆರೆದಿರುತ್ತದೆ. ಕೆಲಸಕ್ಕೆ ಅರ್ಧ ದಿನ ರಜೆ ಹಾಕಿ ಹೋಗಿ. ಕಪಾಟಿನ ಕೀಲಿಕೈ ಯಾರ ಹತ್ತಿರ ಇದೆ ಎಂದು ಕೇಳಿ. ಬೀಗ ತೆಗೆಯುವ ತನಕ ಏಳಬೇಡಿ. ತಕ್ಕಡಿಯನ್ನು ಮೇಜಿನ ಮೇಲೆ ಇಡಿಸಿ, ಎಲ್ಲರಿಗಿಂತ ಸಣ್ಣ ಮಗುವನ್ನು ಕರೆದು ಅದರ ಕೈಗೆ ಕೊಡಿಸಿ. ಮೊದಲು ಖಾಲಿ ತೂಗಿಸಿ.